ಕ್ರೀಮಿನಲ್ಲಿ ತಿದ್ದಿದ ಅಕ್ಷರ

ಬೇಕರಿಯವನ ಮಗಳ ಅಕ್ಷರವನ್ನು ದೇವರೂ ಕನ್ನಡಕ ಹಾಕಿಕೊಂಡೇ ಓದಬೇಕಾಗಿತ್ತು. ಅದನ್ನು ಕಾಗೆ ಕಾಲು, ಗುಬ್ಬಿ ಕಾಲು ಎನ್ನುವ ಹಾಗೂ ಇರಲಿಲ್ಲ. ಆ ಎರಡೂ ಹಕ್ಕಿಗಳು ಜಗಳವಾಡಿ ಎದ್ದುಹೋದ ಜಾಗದಂತಿತ್ತು.

"ಇವತ್ತು ಮಧ್ಯಾಹ್ನ ನನ್ನೆದುರು ಒಂದು ಪುಟ ಬರೀಲಿ. ಅಕ್ಷರ ದುಂಡಗಿಲ್ಲದಿದ್ದರೆ ಕೆಳಗಿನ ತರಗತಿಗೆ ಕಳಿಸ್ತೀನಿ" ಎಂದು ಹೆಡ್‌ಮೇಡಂ ಹೇಳಿ ಕಳಿಸಿದ್ದರು. ಜೊತೆಗೆ, ಶಾಲೆಯವರ ಚಹಾಕ್ಕೆ ಒಂದು ಕೇಕೂ ಬೇಕಂತೆ.

ಕೇಕ್ ಸಿದ್ಧವಾಗಿ ಮೇಜಿನ ಮೇಲೆ ಕೂತಿತ್ತು. ಸಿದ್ಧವಾಗದೆ ಕೂತಿದ್ದವಳು ಮಗಳು. ಪೆನ್ಸಿಲ್ ಒತ್ತಿದ ಕಡೆಯೆಲ್ಲ ಮೊನೆ ಮುರಿಯುತ್ತಿತ್ತು.

"ಅಪ್ಪಾ, ಚಿಕ್ಕ ಮಕ್ಕಳ ಜೊತೆ ಕೂರಿಸಿಬಿಡ್ತಾರಾ?" ಎಂದು ಅವಳು ಕಣ್ಣು ತುಂಬಿಕೊಂಡಾಗ ಬೇಕರಿಯವ ಹಿಟ್ಟಿನ ಕೈ ಒರೆಸಿಕೊಂಡ. ಒಲೆಯ ಮೇಲಿನ ದೇವರ ಪಟದ ಕಡೆ ತಿರುಗಿ ಕೈಮುಗಿದ. "ಸ್ವಾಮಿ, ಇವಳು ಬರೆಯೋ ಒಂದೊಂದಕ್ಷರವೂ ಇವತ್ತು ದೂರದಿಂದಲೇ ಕಾಣೋ ಹಾಗೆ ಮಾಡಪ್ಪ."

ದೇವರಿಗಿಂತ ಮೊದಲು ಪಕ್ಕದಂಗಡಿಯ ಕ್ಷೌರಿಕ ಬಂದ, ಕಿವಿಯ ಮೇಲೆ ಬಾಚಣಿಗೆ ಸಿಕ್ಕಿಸಿಕೊಂಡು. ಹಿಂದೆಯೇ ಎದುರು ಮನೆಯ ಹೊಲಿಗೆಯಕ್ಕ.

"ಹಾಗೆ ಕತ್ತು ಹಿಸುಕಿದರೆ ಪೆನ್ಸಿಲ್ ಉಳಿಯುತ್ತೇನೇ ಪುಟ್ಟಿ? ನಾನು ಕತ್ತಿ ಹಿಡಿಯೋ ಹಾಗೆ ಹಗುರವಾಗಿ ಹಿಡಿ."

"ನಿನ್ನ ಕೈ ಹಗುರವೇನಣ್ಣ? ನಮ್ಮನೆಯವರ ಕಿವಿಯನ್ನು ಕೇಳು, ಹೇಳುತ್ತೆ" ಎಂದಳು ಹೊಲಿಗೆಯಕ್ಕ.

'ಹಗುರ' ಎಂದದ್ದೇ ಬೇಕರಿಯವನಿಗೆ ಉಪಾಯ ಹೊಳೆಯಿತು. ಕೇಕಿನ ಮೇಲೆ ಹೆಸರು ಬರೆಯುವ ಕ್ರೀಮಿನ ಕೋನನ್ನು ಮಗಳ ಕೈಗಿತ್ತ. ಗಟ್ಟಿಯಾಗಿ ಹಿಸುಕಿದಾಗ ಕ್ರೀಮು ಪಿಚಕ್ಕನೆ ಅವನ ಮೂಗಿಗೇ ಹಾರಿತು. ಮೆಲ್ಲಗೆ ಒತ್ತಿದಾಗ ತಟ್ಟೆಯ ಮೇಲೆ 'ಅ' ಮೂಡಿತು, ಆಗತಾನೇ ಉಬ್ಬಿದ ಬನ್ನಿನ ಹಾಗೆ ದುಂಡಗೆ.

"ತಟ್ಟೆ ಸಾಲದು, ಅಗಲ ಜಾಗ ಬೇಕು, ಇಂಥದ್ದು!" ಎಂದು ಕ್ಷೌರಿಕ ಹೆಡ್‌ಮೇಡಂಗಾಗಿ ಮಾಡಿದ್ದ ಕೇಕಿನ ಮೇಲೆ ಬಗ್ಗಿದ. ಬಾಚಣಿಗೆ ಕಿವಿಯಿಂದ ಜಾರಿ ಕ್ರೀಮಿನೊಳಗೆ ಮುಳುಗಿತು. "ಅಯ್ಯೋ!" ಎಂದು ಹೊಲಿಗೆಯಕ್ಕ ಅದನ್ನು ಎತ್ತಲು ಹೋದಳು. ಅವಳ ಮೊಣಕೈ ತಾಗಿ ಕೇಕ್ ಬೋರಲಾಗಿ ನೆಲಕ್ಕೆ ಬಿತ್ತು.

ಇನ್ನೊಂದು ಬೇಯಿಸಲು ಹೊತ್ತಿರಲಿಲ್ಲ. ಬೇಕರಿಯವ ಕೇಕನ್ನು ಎತ್ತಿದ, ಕೆರೆದ, ಬಾಚಣಿಗೆ ಕಿತ್ತ, ಹೊಸ ಕ್ರೀಮ್ ಬಳಿದ. "ಇಬ್ಬರೂ ಬಾಯಿ ಬಿಡಬಾರದು!" ಇಬ್ಬರೂ ಆಣೆಯಿಟ್ಟರು.

ಮಗಳು ತನ್ನ ಪಾಡಿಗೆ ಖಾಲಿ ಕೋನಿನ ತುದಿಗೆ ಪೆನ್ಸಿಲ್ ತೂರಿಸಿ ಬರೆಯುತ್ತಿದ್ದಳು. ಕಾಗದದ ಮೇಲೂ ದುಂಡಗೆ! ಬೇಕರಿಯವ ಮತ್ತೊಮ್ಮೆ ಕೈಮುಗಿದ.

ಶಾಲೆಯಲ್ಲಿ ಹೆಡ್‌ಮೇಡಂ ಕೇಕಿನ ತುಂಡು ಬಾಯಿಗಿಡುತ್ತ, "ಬೆಳಗ್ಗೆ ಮನೇಲಿ ಏನು ನಡೀತೋ ಅದನ್ನೇ ಬರಿ ಮಗೂ" ಎಂದರು.

ಮಗಳ ಹಿಂದೆ ನಿಂತಿದ್ದ ಬೇಕರಿಯವ ನಡುವೆ ಬಾಯಿ ಹಾಕಿದ. "ಮೇಡಂ, ಹಸುವಿನ ಬಗ್ಗೆ ಬರೀಲಿ. ಹಸು ಅಂದ್ರೆ ಅವಳಿಗೆ ಪ್ರಾಣ."

"ನೀವು ಸುಮ್ಮನಿರಿ. ನಡೆದದ್ದನ್ನು ಬರೆಯೋಕೆ ಕೈ ತಡೆಯೋದಿಲ್ಲ."

ಕೈ ತಡೆಯಲೇ ಇಲ್ಲ. 'ಸ್ವಾಮಿ, ಅಕ್ಷರ ಕೆಡಿಸಪ್ಪ' ಎಂದು ಅವನು ಒಳಗೊಳಗೇ ಬೇಡಿದ. ಆದರೆ ದೇವರು ಬೆಳಗಿನ ಮೊರೆಯನ್ನು ಆಗಲೇ ಕೇಳಿಸಿಕೊಂಡಾಗಿತ್ತು.

ಹೆಡ್‌ಮೇಡಂ ಪುಟವನ್ನು ದೂರ ಹಿಡಿದರು, ಓರೆಯಾಗಿ ಹಿಡಿದರು. "ಆಹಾ! ಎಂಥ ತಲೆಕಟ್ಟು, ಎಂಥ ಒತ್ತಕ್ಷರ! ಅಕ್ಷರ ನೋಡುವಾಗ ನಾನು ವಿಷಯ ಓದೋದಿಲ್ಲಪ್ಪ, ಗಮನ ತಪ್ಪುತ್ತೆ. ಮಗು ಇದೇ ತರಗತಿಯಲ್ಲಿರಲಿ."

ಬೇಕರಿಯವನಿಗೆ ಹೋದ ಜೀವ ಬಂತು. ಪುಟಕ್ಕೆ ಕೈಚಾಚಿದ.

"ಕೊಡೋದುಂಟೇ? ಇಂಥ ಅಕ್ಷರ ನಾಲ್ಕು ಜನ ನೋಡಬೇಕು!" ಜವಾನ ಅದನ್ನು ಗೇಟಿನ ಫಲಕಕ್ಕೆ ಅಂಟಿಸಿ ಬಂದ. ಗಂಟೆ ಹೊಡೆಯಿತು. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರೆಲ್ಲ ಅಲ್ಲಿ ಮುತ್ತಿದರು. ಅವರೆಲ್ಲ ಬೇಕರಿಯ ಗಿರಾಕಿಗಳೇ.

"ಪಾಸಾದಳಾ?" ಎಂದು ಓಡಿಬಂದ ಕ್ಷೌರಿಕ ಗುಂಪಿನ ಹಿಂದೆಯೇ ನಿಂತು ಕೂಗಿದ. "ಇಲ್ಲಿಂದಲೇ ಓದೋಕೆ ಬರುತ್ತಣ್ಣ! 'ಮೇಡಂ ಕೇಕ್ ನೆಲಕ್ಕೆ ಬಿತ್ತು. ಅದರೊಳಗೆ ಮಾಮನ ಬಾಚಣಿಗೆ ಸಿಕ್ಕಿತು. ಅಪ್ಪ ಹೊಸ ಕ್ರೀಮ್ ಬಳಿದರು. ಈಗ ಯಾರಿಗೂ ಗೊತ್ತಾಗುವುದಿಲ್ಲ…' ಅಯ್ಯೋ, ಪುಟ್ಟೀ!"

ಗದ್ದಲವೇನೆಂದು ನೋಡಲು ಹೆಡ್‌ಮೇಡಂ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಎರಡನೆಯ ತುಂಡು ಕೇಕ್. ಫಲಕದೆದುರು ನಿಂತು, ಕನ್ನಡಕವನ್ನೂ ಹಾಕಿಕೊಳ್ಳದೆ ಓದತೊಡಗಿದರು.