ಯಕೃತ್ತಿನ ಕೋಶಗಳ ನೆಮ್ಮದಿ

ಶೀತಲೀಕರಿಸಿ ಕಾಪಾಡಿದ ಯಕೃತ್ತಿನ ಜೀವಕೋಶಗಳಿಗೆ ಅವಸರ ಆಗಿಬರುವುದಿಲ್ಲ. ಮಂಜುಗಡ್ಡೆಯ ಹರಳು ಮೂಡದಿರಲೆಂದು ಅವುಗಳೊಳಗೆ ತುಂಬಿಸಿದ ರಕ್ಷಕ ದ್ರಾವಣವನ್ನು, ಕರಗಿಸಿದ ಮೇಲೆ ಹನಿಹನಿಯಾಗಿ ತೆಳುವಾಗಿಸಬೇಕು. ಒಮ್ಮೆಲೇ ನೀರು ಬೆರೆಸಿದರೆ ಅದು ಒಳನುಗ್ಗಿ ಕೋಶ ಉಬ್ಬಿ ಒಡೆಯುತ್ತದೆ. ಆಸ್ಪತ್ರೆಯ ಕೆಳಮಹಡಿಯಲ್ಲಿರುವ ನಮ್ಮ ಕೋಶನಿಧಿಯ ಗೋಡೆಯ ಮೇಲೆ ಹೀಗೆಂದು ಬರೆದೂ ಇದೆ.

ಅತಿಥಿಗಳು ಬಂದಿದ್ದ ದಿನ ನಿರ್ದೇಶಕರು ಕರಗಿಸಿದ ಕೋಶಗಳಿಗೆ ಇಡೀ ಬಾಟಲಿ ನೀರನ್ನು ಒಂದೇ ಸಲ ಸುರಿದರು. ಊಟಕ್ಕೆ ತಡವಾಗಿತ್ತು. ಕೋಶಗಳೆಲ್ಲ ಒಡೆದವು. ನಿರ್ದೇಶಕರ ಅಧ್ಯಕ್ಷತೆಯ ವಿಚಾರಣಾ ಸಮಿತಿಯು, ಕೋಶಗಳು ಮೊದಲೇ ಒತ್ತಡದಲ್ಲಿದ್ದವೆಂದು ಸರ್ವಾನುಮತದಿಂದ ತೀರ್ಮಾನಿಸಿ ಆದೇಶ ಹೊರಡಿಸಿತು:

"ಕೋಶಗಳ ನೆಮ್ಮದಿಯ ದೃಷ್ಟಿಯಿಂದ ಈ ಕಟ್ಟಡದಲ್ಲಿ ಯಾವುದೂ ಒಮ್ಮೆಲೇ ನಡೆಯತಕ್ಕದ್ದಲ್ಲ. ಬಾಗಿಲನ್ನು ಬೆರಳಗಲ ತೆರೆದು, ನಿಂತು, ಮತ್ತೆ ತೆರೆಯತಕ್ಕದ್ದು. ಸೀನು ಬಂದಲ್ಲಿ ಕಂತುಗಳಲ್ಲಿ ಸೀನತಕ್ಕದ್ದು. ಸುರಿಯುವ ವಿಧಾನವು ನಿರ್ದೇಶಕರ ವಿವೇಚನೆಗೆ ಸೇರಿದ್ದು."

ಮರುದಿನ ಒಬ್ಬ ಬಡಗಿ ಏದುಸಿರು ಬಿಡುತ್ತ ಬಂದ.

"ಮೇಡಂ, ನನ್ನ ತಂಗಿ ಮೇಲಿನ ವಾರ್ಡಲ್ಲಿದ್ದಾಳೆ. ಲಿವರ್ ಕೈಕೊಟ್ಟಿದೆ. ನಿಮ್ಮ ಕೋಶ ಹಾಕಿದ್ರೆ ಉಳೀತಾಳಂತೆ."

"ಯಾವಾಗಿಂದ?" ಎಂದರು ನಮ್ಮ ಕೌಂಟರಿನ ಗುಮಾಸ್ತೆ.

"ಇದ್ದಕ್ಕಿದ್ದಂಗೆ, ಮೊನ್ನೆ."

"ನೋಡಿದ್ರಾ! ಇಷ್ಟು ಆತುರದ ಕಾಯಿಲೆ ಇರೋ ಕಡೆ ನಮ್ಮ ಕೋಶಗಳನ್ನ ಹೇಗಪ್ಪಾ ಕಳಿಸೋದು? ಹೆಣ್ಣು ಕೊಡೋವಾಗ ಮನೆತನ ವಿಚಾರಿಸಲ್ವಾ?"

"ನಾನು ಕಾಯ್ತೀನಿ ಮೇಡಂ. ಅವಳು ಕಾಯ್ಬೇಕಲ್ಲ."

"ಅಭ್ಯಾಸ ಆಗುತ್ತೆ ಬಿಡಿ. ದಿನಕ್ಕೊಂದು ಕುರ್ಚಿ ಮುಂದೆ ಬನ್ನಿ."

ಮೊದಲೆರಡು ಕುರ್ಚಿಗಳಲ್ಲಿ ಬಡಗಿ ಕೂಗಾಡಿದ. ಮೂರನೆಯದರಲ್ಲಿ ಅದರ ಕಾಲು ಅಲ್ಲಾಡುವುದನ್ನು ಸರಿಮಾಡಿದ. ಬಾಗಿಲ ಪಕ್ಕದ ಕುರ್ಚಿ ತಲುಪುವಷ್ಟರಲ್ಲಿ ಅವನಿಗೆ ಕಂತುಗಳಲ್ಲಿ ಸೀನಲು ಬರುತ್ತಿತ್ತು.

ಅವನ ತಾಳ್ಮೆಯನ್ನು ಮೆಚ್ಚಿ ನಿರ್ದೇಶಕರು ಸ್ವತಃ ಒಂದು ಶೀಶೆ ಕೋಶಗಳನ್ನು ಕರಗಿಸಿದರು. ಸಹಾಯಕ್ಕೆ ಪಕ್ಕದಲ್ಲಿ ನಿಂತಿದ್ದ ನಾನು ಹನಿಹಾಕುವ ಕೊಳವೆಯನ್ನು ಮುಂದೆ ಹಿಡಿದೆ. ಅದನ್ನು ಪಕ್ಕಕ್ಕೆ ಸರಿಸಿ, ಅವರು ಇಡೀ ಬಾಟಲಿ ನೀರು ಸುರಿದರು.

ಸೂಕ್ಷ್ಮದರ್ಶಕದಲ್ಲಿ ಬರೀ ಒಡೆದ ಕೋಶಗಳ ಸಿಪ್ಪೆಗಳು.

"ನೀವು ಕುರ್ಚಿಯಿಂದ ಎದ್ದದ್ದು ಸ್ವಲ್ಪ ಜೋರಾಯ್ತು," ಎಂದರು ನಿರ್ದೇಶಕರು.

"ತಪ್ಪಾಯ್ತು ಸಾರ್," ಎಂದು ಬಡಗಿ ಸಾಲಿನ ತುದಿಗೆ ಹೋಗಿ, ಮೆಲ್ಲಮೆಲ್ಲಗೆ ಕೂತ.

ಅಷ್ಟರಲ್ಲಿ ಮೇಲಿನ ವಾರ್ಡಿನ ದಾದಿ ದಡದಡ ಮೆಟ್ಟಿಲಿಳಿದು ಓಡಿಬಂದಳು. ಎಲ್ಲರೂ ಮುಖ ಸಿಂಡರಿಸಿದರು. ಮೊದಲು ಗದರಿದವನು ಬಡಗಿಯೇ:

"ನಿಧಾನ ತಾಯಿ! ಒಳಗೆ ಕೋಶಗಳಿವೆ."

ದಾದಿ ನಾಚಿ ನಿಂತಳು. ಒಂದೊಂದೇ ಹೆಜ್ಜೆಯಿಟ್ಟು ಅವನ ಬಳಿ ಬಂದು, "ನಿಮ್ಮ ತಂಗಿ," ಎಂದಳು.

ಉಳಿದ ಮಾತನ್ನು ನಾಳೆಗೆ ಇಟ್ಟುಕೊಂಡಳು. ಬಡಗಿ ಒಪ್ಪಿಗೆಯಿಂದ ತಲೆಯಾಡಿಸಿದ, ಸ್ವಲ್ಪಸ್ವಲ್ಪವಾಗಿ.