ಮುಂದಿನ ನಾಲ್ಕು ಹಲ್ಲು

ರಸ್ತೆ ತುಂಬ ಮೋಟಾರ್ ಸೈಕಲ್ಲುಗಳು ಹೋಗುತ್ತಿದ್ದರೂ ಪೊಲೀಸರ ಕೈ ಏಳುತ್ತಿದ್ದುದು ಮಾತ್ರ ರೂಲ್ಸಣ್ಣನ ಗಾಡಿಗೆ. ಇದು ಅವನ ಹಣೆಬರಹವೋ ಮುಖಲಕ್ಷಣವೋ ಯಾರಿಗೂ ತಿಳಿಯದು. ಅವನ ತಲೆಯ ಮೇಲೆ ಹೆಲ್ಮೆಟ್ಟು, ಅದರ ಪಟ್ಟಿ ಗದ್ದಕ್ಕೆ ಬಿಗಿಯಾಗಿ. ಜೇಬಿನಲ್ಲಿ ಲೈಸೆನ್ಸು, ಸೀಟಿನ ಕೆಳಗೆ ಉಳಿದ ಕಾಗದಗಳು. ತಿರುವು ಇನ್ನೂ ಕಣ್ಣಿಗೆ ಬೀಳುವ ಮೊದಲೇ ಇಂಡಿಕೇಟರ್ ಹಾಕುವವನು. ಬೀದಿಯವರು ಅವನಿಗೆ ಆ ಹೆಸರಿಟ್ಟದ್ದೇ ಅದಕ್ಕೆ. ಅಂಥವನನ್ನು ನಿಲ್ಲಿಸಿ, ಕಾಗದವೆಲ್ಲ ನೋಡಿ, ಏನೂ ಸಿಗದೆ, ಸಿಗಲಿಲ್ಲವಲ್ಲ ಎಂಬ ಸಿಟ್ಟಿಗೆ ಇನ್ನೊಮ್ಮೆ ನೋಡಿ, ಅವನು ಬಿಸಿಲಲ್ಲಿ ಬೆಂದು ಬದನೆಕಾಯಿಯಾದ ಮೇಲೆ "ಹೂಂ, ಹೋಗಿ" ಎನ್ನುವರು. ಅಷ್ಟರಲ್ಲಿ ಮೂವರನ್ನು ಹೇರಿಕೊಂಡ ಗಾಡಿಗಳು, ಹೆಲ್ಮೆಟ್ಟಿಲ್ಲದ ತಲೆಗಳು, ನಂಬರ್ ಪ್ಲೇಟೇ ಇಲ್ಲದ ಪುಣ್ಯಾತ್ಮರು ಅವನ ಪಕ್ಕದಲ್ಲೇ ಗುರ್ರೆಂದು ದಾಟಿಹೋಗಿರುತ್ತಿದ್ದರು. ಇದು ಯಾವ ಸೀಮೆಯ ನ್ಯಾಯ?

ರೂಲ್ಸಣ್ಣನ ಕೆಲಸ ಹಲ್ಲು ಮಾಡುವುದು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಅದಕ್ಕೆ ಪ್ಲಾಸ್ಟರ್ ಹುಯ್ದು ದವಡೆ ಮಾಡಿ, ಮೇಣದಲ್ಲಿ ಹಲ್ಲು ಜೋಡಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ತಲುಪಿಸುತ್ತಾನೆ. ರೋಗಿಗಳ ಮುಖ ನೋಡಿದವನೇ ಅಲ್ಲ. ಊರಿನ ಅರ್ಧ ಜನರ ಬಾಯಿ ಅವನ ಕಪಾಟಿನಲ್ಲಿ ಸಾಲಾಗಿ ಕೂತಿದ್ದರೂ, ಅವರೇ ಎದುರಿಗೆ ಬಂದರೆ ಗುರುತು ಹತ್ತುತ್ತಿರಲಿಲ್ಲ. ಆಕಳಿಸಿದರೆ ಮಾತ್ರ ಹತ್ತುತ್ತಿತ್ತು.

ಆ ಬೆಳಿಗ್ಗೆ ಅವನು ತಲುಪಿಸಬೇಕಾಗಿದ್ದುದು ಮೇಲ್ದವಡೆಯ ಮುಂದಿನ ನಾಲ್ಕು ಹಲ್ಲು. ಈ ಕೆಲಸ ಕೊಟ್ಟಿದ್ದ ಡಾಕ್ಟರಮ್ಮ ಹಿಂದಿನ ವಾರವೇ ಕಡ್ಡಿ ಮುರಿದ ಹಾಗೆ ಹೇಳಿದ್ದರು: "ಪ್ರತಿ ಸಲ ಪೊಲೀಸ್ ನಿಲ್ಲಿಸಿದ್ರು, ಪೊಲೀಸ್ ನಿಲ್ಲಿಸಿದ್ರು ಅಂತೀರಿ. ಪೇಷಂಟು ಬಾಯಿ ತೆಕ್ಕೊಂಡು ಎಷ್ಟೊತ್ತು ಕೂರ್ಬೇಕು? ಇನ್ನೊಂದ್ಸಲ ತಡ ಆದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ." ಅವನ ಹೊಟ್ಟೆ ತುಂಬುತ್ತಿದ್ದುದೇ ಆ ಒಂದು ಕ್ಲಿನಿಕ್ಕಿನಿಂದ. ಅದು ಕೈಬಿಟ್ಟರೆ ಪ್ಲಾಸ್ಟರ್ ಕಲಸಿಕೊಂಡು ಕುಡಿಯಬೇಕಷ್ಟೆ.

ತನ್ನ ಅಂಗಡಿಯ ಮುಂದೆ ಹಲ್ಲಿನ ಡಬ್ಬಿಯನ್ನು ಗಾಡಿಯ ಹಿಂದಿನ ಹಸಿರು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತ, ತನಗಾಗುವ ಅನ್ಯಾಯವನ್ನು ಅವನು ಎಂದಿನಂತೆ ಗಟ್ಟಿಯಾಗಿ ಹೇಳಿಕೊಂಡ. ಅದೇ ತಪ್ಪಾಯಿತು. ಎಡಪಕ್ಕದ ಕನ್ನಡಕದಂಗಡಿಯವರು ಹೊರಗೆ ಬಂದರು. ಬಲಪಕ್ಕದ ಹೆಲ್ಮೆಟ್ ಅಂಗಡಿಯವರೂ ಬಂದರು. ಹೆಂಡತಿಯ ತಮ್ಮ, ಮನೆಮನೆಗೆ ಪಾರ್ಸೆಲ್ ಹಂಚುವವನು, ಆಗಲೇ ಗಾಡಿ ನಿಲ್ಲಿಸಿಕೊಂಡು ಅಲ್ಲೇ ಕೂತಿದ್ದ. ಕರೆಯದಿದ್ದರೂ ಸಭೆ ಸೇರಿತು.

"ತಪ್ಪೆಲ್ಲ ನಿಮ್ಮ ಕಣ್ಣಿಂದು" ಎಂದರು ಕನ್ನಡಕದವರು. "ನೀವು ಅವರನ್ನ ನೋಡ್ತೀರಿ. ಕಣ್ಣಿಗೆ ಕಣ್ಣು ಸೇರ್ತು ಅಂದ್ರೆ ಮುಗೀತು. ನಾನು ಪೊಲೀಸ್ ಕಂಡ ಕೂಡ್ಲೇ ಆಚೆ ಕಡೆ ಅಂಗಡಿ ಬೋರ್ಡು ಓದ್ಕೊಂಡು ಹೋಗ್ತೀನಿ."

"ಹಾಗೆ ಓದ್ಕೊಂಡೇ ಅಲ್ವಾ ಮೊನ್ನೆ ಕಸದ ಲಾರಿಗೆ ಗುದ್ದಿದ್ದು" ಎಂದರು ಹೆಲ್ಮೆಟ್ಟಿನವರು. "ಕೇಳಿ ಇಲ್ಲಿ, ಏನೇ ಆದ್ರೂ ಓಡ್ಬಾರ್ದು. ಓಡಿ ಬಿದ್ರೆ ತಲೆ ಗತಿ ಏನು?"

"ನೀವೇ ಯಾವತ್ತೂ ಹೆಲ್ಮೆಟ್ ಹಾಕಿದ್ದು ನೋಡಿಲ್ಲ" ಎಂದರು ಕನ್ನಡಕದವರು.

"ಮಾರೋ ಮಾಲು ತಲೆ ಮೇಲೆ ಹಾಕ್ಕೊಂಡ್ರೆ ಹಳೇದಾಗಲ್ವೇನ್ರೀ?"

ಭಾವಮೈದುನ ಇದನ್ನೆಲ್ಲ ಕೇಳಿ ಮುಗುಳ್ನಕ್ಕ. ದಿನವೂ ಊರೆಲ್ಲ ಸುತ್ತುವವನಾದ್ದರಿಂದ ಈ ವಿದ್ಯೆಯಲ್ಲಿ ತಾನೇ ಪಂಡಿತನೆಂಬ ಭಾವನೆ ಅವನಿಗಿತ್ತು.

"ಭಾವ, ಅವರು ನಿಲ್ಲೋರನ್ನ ಮಾತ್ರ ನಿಲ್ಲಿಸ್ತಾರೆ. ಓಡೋರನ್ನ ನಿಲ್ಲಿಸೋಕೆ ಹೋದ್ರೆ ಅವರ ಮರ್ಯಾದೆ ಹೋಗುತ್ತೆ. ನೀವೋ, ದೂರದಿಂದ್ಲೇ ಬ್ರೇಕ್ ಹಿಡೀತೀರಿ, ಬೀಗರನ್ನ ಕಂಡ ಹಾಗೆ ಹಲ್ಲು ಕಿರೀತೀರಿ. ಯಾರು ಬಿಡ್ತಾರೆ?"

"ಮತ್ತೇನೋ ಮಾಡ್ಲಿ?"

"ನಿಲ್ಲೋ ಹಾಗೆ ನಿಧಾನ ಮಾಡಿ ಎಡಕ್ಕೆ ಬನ್ನಿ. ಅವರು ಒಂದು ಹೆಜ್ಜೆ ಮುಂದಿಟ್ರು ಅಂದಾಗ ಬಲಕ್ಕೆ ಎಳ್ದು ಹೊರಟ್ಬಿಡಿ. ಅಟ್ಟಿಸ್ಕೊಂಡು ಬರೋ ಉಸಾಬರಿ ಯಾರಿಗೆ ಬೇಕು?"

"ಪೇಪರೆಲ್ಲ ಸರಿ ಇಟ್ಕೊಂಡು ನಾನ್ಯಾಕೋ ಕಳ್ಳನ ಹಾಗೆ ಓಡ್ಲಿ?"

"ಸರಿ ಇರೋದಕ್ಕೇ ಓಡ್ಬಹುದು ಭಾವ. ಸಿಕ್ಕಿಬಿದ್ರೂ ಏನು ಮಾಡ್ತಾರೆ? ಪೇಪರ್ ಕೇಳ್ತಾರೆ. ನಿಮ್ಮ ಹತ್ರ ಇದೆಯಲ್ಲ."

ಕನ್ನಡಕದವರು ತಲೆದೂಗಿದರು. ಹೆಲ್ಮೆಟ್ಟಿನವರು ಕೂಡ "ಅದೊಂದು ಪಾಯಿಂಟು" ಎಂದುಬಿಟ್ಟರು. ರೂಲ್ಸಣ್ಣ ಮೂವರಿಗೂ ಬೈದು ಗಾಡಿ ಹತ್ತಿದ. ಆದರೆ ಕೆಟ್ಟ ಬುದ್ಧಿಗೆ ಬೇರೂರಲು ನೀರು ಗೊಬ್ಬರ ಬೇಡ. ಮೊದಲ ತಿರುವು ದಾಟುವಷ್ಟರಲ್ಲಿ ಅದು ಅವನ ಸ್ವಂತ ಆಲೋಚನೆಯೇ ಆಗಿತ್ತು.

ದಾರಿಯಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಒಮ್ಮೆ ನಿಂತು ಮತ್ತೆ ಬಡಿದುಕೊಂಡಿತು. ಗಾಡಿ ಓಡಿಸುವಾಗ ಫೋನು ತೆಗೆಯುವುದು ಅಪರಾಧ. ಅವನು ತೆಗೆಯಲಿಲ್ಲ.

ದೊಡ್ಡ ವೃತ್ತಕ್ಕೆ ಮೊದಲು, ಮರದ ನೆರಳಲ್ಲಿ ಒಬ್ಬರೇ ಪೊಲೀಸರು ನಿಂತಿದ್ದರು. ಧೂಳಿಗೋ ಏನೋ, ಮೂಗಿನ ಕೆಳಗೆ ಕರವಸ್ತ್ರ ಕಟ್ಟಿಕೊಂಡಿದ್ದರು. ಕೈಯಲ್ಲಿ ಲಾಠಿ ಇಲ್ಲ, ಬಾಯಲ್ಲಿ ಸೀಟಿ ಇಲ್ಲ. ಬಂದ ಗಾಡಿಗಳನ್ನೆಲ್ಲ ಸುಮ್ಮನೆ ಬಿಡುತ್ತಿದ್ದರು. ಒಂದೇ ಗಾಡಿಯ ಮೇಲೆ ಮೂವರು ಹೋಗುತ್ತಿದ್ದರೂ ಅವರು ಬಿಟ್ಟದ್ದನ್ನು ರೂಲ್ಸಣ್ಣ ಕಣ್ಣಾರೆ ಕಂಡ. ಆಮೇಲೆ ಅವರ ದೃಷ್ಟಿ ಇವನ ಕೆಂಪು ಗಾಡಿಯ ಮೇಲೆ ಬಿತ್ತು. ಇದಕ್ಕಾಗಿಯೇ ಬೆಳಗಿನಿಂದ ಕಾದಿದ್ದವರಂತೆ ರಸ್ತೆಗೆ ಹಾರಿ ಎರಡೂ ಕೈ ಬೀಸತೊಡಗಿದರು.

ರೂಲ್ಸಣ್ಣನ ಪಿತ್ತ ನೆತ್ತಿಗೇರಿತು. ಬಿಟ್ಟಿದ್ದಾರೆ, ಎಲ್ಲರನ್ನೂ ಬಿಟ್ಟಿದ್ದಾರೆ. ಕಾನೂನು ಮುರಿದವರಿಗೆ ರಾಜಬೀದಿ, ಪಾಲಿಸಿದವನಿಗೆ ರಸ್ತೆಯಂಚು. ವರ್ಷಗಟ್ಟಲೆ ನುಂಗಿಕೊಂಡಿದ್ದ ಸಿಟ್ಟು ಬಲಗೈಗಿಳಿಯಿತು. ನಿಧಾನ ಮಾಡಿ ಎಡಕ್ಕೆ ಬಂದ. ಪೊಲೀಸರು ಒಂದು ಹೆಜ್ಜೆ ಮುಂದಿಟ್ಟರು, ಪೆಟ್ಟಿಗೆಯ ಕಡೆ ಕೈ ಚಾಚಿದರು. ಅವನು ಬಲಕ್ಕೆ ಎಳೆದು ಹೊರಟೇಬಿಟ್ಟ. ಹಿಂದಿನಿಂದ ಬಾಯಲ್ಲಿ ಹತ್ತಿ ತುರುಕಿಕೊಂಡವರ ಹಾಗೆ ಅರ್ಥವಾಗದ ಕೂಗೊಂದು ಕೇಳಿತು.

ಮೊದಲು ಆದದ್ದು ಸಂತೋಷ. ಇದ್ದದ್ದು ಒಂದು ಬೀದಿಯ ಉದ್ದಕ್ಕೆ. ಆಮೇಲೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡಾಯಿತು. ಹಿಂದೆ ಎಲ್ಲೋ ಸೈರನ್ ಕೇಳಿತು. ತನಗೇ ಎಂದುಕೊಂಡು ಸಿಕ್ಕ ಓಣಿಗೆ ನುಗ್ಗಿದ. ಅದು ಆಂಬುಲೆನ್ಸು ಎಂದು ತಿಳಿಯುವಷ್ಟರಲ್ಲಿ ಓಣಿ ಒಂದು ಗೋಡೆಗೆ ಹೋಗಿ ಮುಗಿದಿತ್ತು.

ಅಲ್ಲಿ ನಿಂತು ಅವನಿಗೆ ಯೋಚನೆ ಬಂತು: ಪೊಲೀಸರು ಹುಡುಕುವುದು ಹೆಲ್ಮೆಟ್ ಹಾಕಿದವನನ್ನು. ತೆಗೆದು ಮೊಣಕೈಗೆ ಸಿಕ್ಕಿಸಿಕೊಂಡ. ನಂಬರ್ ಬರೆದುಕೊಂಡಿದ್ದರೆ? ಅಲ್ಲೇ ಕೊಳಾಯಿಯ ಕೆಳಗಿದ್ದ ಕೆಸರನ್ನು ಬಳಿದು, ಪ್ರತಿ ಭಾನುವಾರ ತಾನೇ ಒರೆಸುತ್ತಿದ್ದ ಪ್ಲೇಟಿಗೆ ಮೆತ್ತಿದ. ಓಣಿಯಿಂದ ಹೊರಬಿದ್ದರೆ ವೃತ್ತಕ್ಕೆ ಹಿಂದಿರುಗುವಂತಿಲ್ಲ. ಉಳಿದದ್ದು ಒಂದೇ ದಾರಿ, ಅದು ಒನ್‌ವೇ, ಅದೂ ಎದುರು ದಿಕ್ಕಿನದು. ಕಣ್ಣು ಮುಚ್ಚಿಕೊಂಡು ಎನ್ನುವ ಹಾಗೆ ನುಗ್ಗಿದ. ಎದುರಿಗೆ ಬಂದ ಹಾಲಿನ ವ್ಯಾನು ಕಿರುಚಿ ನಿಂತಿತು. ಅದರ ಪಕ್ಕೆಗೆ ತಾಗಿ ಇವನ ಕನ್ನಡಿ ಕಳಚಿ ಬಿತ್ತು.

"ಒನ್‌ವೇ ಅಂತ ಕಾಣಲ್ವೇನ್ರೀ?" ಎಂದ ವ್ಯಾನಿನವನು ಕಿಟಕಿಯಿಂದ ತಲೆ ಹಾಕಿ. "ತಲೆ ಮೇಲೆ ಇರ್ಬೇಕಾದ್ದು ಕೈಗೆ ಹಾಕ್ಕೊಂಡಿದೀರಿ. ನಿಮ್ಮಂಥೋರಿಂದ್ಲೇ ಊರು ಕೆಟ್ಟಿರೋದು."

ಇಷ್ಟು ವರ್ಷ ದಿನವೂ ರೂಲ್ಸಣ್ಣನೇ ಲೋಕಕ್ಕೆ ಹೇಳುತ್ತಿದ್ದ ಮಾತು ಇದು. ಅದನ್ನು ಇನ್ನೊಬ್ಬನಿಂದ ಕೇಳಿಸಿಕೊಳ್ಳಬೇಕಾಯಿತಲ್ಲ ಎಂದು ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಪೊಲೀಸ್ ಇಲಾಖೆಯ ಮೇಲೆಯೇ ಇನ್ನಷ್ಟು ಮಾಡಿಕೊಂಡು ಮುಂದೆ ಹೋದ.

ಆದರೂ ಕ್ಲಿನಿಕ್ಕು ಮುಟ್ಟಿದಾಗ, ಕೊಟ್ಟಿದ್ದ ಗಡುವಿನ ಹತ್ತು ಇನ್ನೂ ಹೊಡೆದಿರಲಿಲ್ಲ. ಡಾಕ್ಟರಮ್ಮ ಗಡಿಯಾರ ನೋಡಿದರು, ಅವನನ್ನು ನೋಡಿದರು.

"ಪರ್ವಾಗಿಲ್ವೇ. ಇವತ್ತು ಯಾರೂ ನಿಲ್ಲಿಸ್ಲಿಲ್ವಾ?"

"ನಿಲ್ಲಿಸೋಕೆ ನಾನೇನು ತಪ್ಪು ಮಾಡಿದೀನಿ ಮೇಡಂ?" ಎಂದ ರೂಲ್ಸಣ್ಣ ಎದೆಯುಬ್ಬಿಸಿ. ಕೆಲಸ ಉಳಿಯಿತು, ಅಷ್ಟು ಸಾಕು.

ಡಾಕ್ಟರಮ್ಮ ಅವನ ಬೆನ್ನ ಹಿಂದೆ ಇಣುಕಿದರು. "ಪೇಷಂಟ್ ಎಲ್ಲಿ?"

"ನಾನು ಹಲ್ಲು ತಂದಿದೀನಿ. ಹಲ್ಲಿನವರನ್ನೂ ನಾನೇ ತರ್ಬೇಕಾ?"

"ಎರಡು ಸಲ ಫೋನ್ ಮಾಡ್ದೆ, ನೀವು ತೆಗೀಲಿಲ್ಲ. ಅವರ ಗಾಡಿ ಕೆಟ್ಟುಹೋಗಿದೆಯಂತೆ. ನಿಮ್ಮ ದಾರೀಲೇ ಅವರ ಡ್ಯೂಟಿ. ಕೆಂಪು ಗಾಡಿ ಬರುತ್ತೆ, ಹಿಂದೆ ಹಸಿರು ಪೆಟ್ಟಿಗೆ ಇರುತ್ತೆ, ಕೈ ಮಾಡಿ ಹತ್ಕೊಂಡು ಬಂದ್ಬಿಡಿ ಅಂತ ನಾನೇ ಹೇಳಿದ್ದೆ. ಒಂದು ಗಂಟೆ ಪರ್ಮಿಷನ್ ತಗೊಂಡಿದಾರೆ ಪಾಪ."

ರೂಲ್ಸಣ್ಣ ಬಾಗಿಲ ಕಡೆ ನೋಡಿದ. "ಡ್ಯೂಟಿ ಅಂದ್ರೆ... ಏನು ಡ್ಯೂಟಿ ಮೇಡಂ?"

"ಟ್ರಾಫಿಕ್ಕು."

ಹೆಂಡತಿಗೆ ಜ್ವರ, ಅಂಗಡಿಗೆ ಬೀಗ ಹಾಕಿಲ್ಲ, ಒಲೆಯ ಮೇಲೆ ಮೇಣ ಇಟ್ಟು ಬಂದಿದ್ದೇನೆ ಎಂದು ಅವನು ಒಂದರ ಹಿಂದೊಂದು ನೆಪ ಹೇಳಿದ. ಡಾಕ್ಟರಮ್ಮ ಯಾವುದಕ್ಕೂ ಜಗ್ಗಲಿಲ್ಲ. "ಎಲ್ಲಾದ್ರೂ ಒತ್ತಿದ್ರೆ ಉಜ್ಜಿ ಕೊಡೋರು ಯಾರು? ಕೂತ್ಕೊಳ್ಳಿ" ಎಂದರು. ಅವನು ಅವರ ಮೇಜಿನ ಮೇಲಿದ್ದ ಮಾಸ್ಕು ಎತ್ತಿ ಕಣ್ಣಿನವರೆಗೆ ಎಳೆದುಕೊಂಡು ಮೂಲೆಯಲ್ಲಿ ಕೂತ.

ಕಾದು ಕಾದು ಡಾಕ್ಟರಮ್ಮನ ತಾಳ್ಮೆ ತಪ್ಪುವ ಹೊತ್ತಿಗೆ ಹೊರಗೆ ಒಂದು ವ್ಯಾನು ನಿಂತ ಸದ್ದಾಯಿತು. ಹಾಲಿನ ವ್ಯಾನು. ಅದರಿಂದ ಇಳಿದ ಪೊಲೀಸರು ಕೆಂಪು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಪ್ಲೇಟಿನ ಕೆಸರನ್ನು ಬೆರಳಿಂದ ಮುಟ್ಟಿ ನೋಡಿ, ಒಳಗೆ ಬಂದರು. ಕುರ್ಚಿಯಲ್ಲಿ ಕೂತು ಕರವಸ್ತ್ರ ಬಿಚ್ಚಿ ಬಾಯಿ ತೆರೆದರು. ರೂಲ್ಸಣ್ಣನಿಗೆ ಆ ದವಡೆ ಒಡಹುಟ್ಟಿದವರಷ್ಟು ಪರಿಚಯವಾಗಿತ್ತು. ಒಂದು ವಾರ ಅದನ್ನು ಅಂಗೈಯಲ್ಲಿಟ್ಟು ಆಡಿಸಿದವನು ಅವನು. ಬಲಗಡೆಯ ಕೋರೆಹಲ್ಲು ಸ್ವಲ್ಪ ಓರೆ, ಅದರಿಂದಾಚೆ ನಾಲ್ಕು ಹಲ್ಲಿನ ಬಯಲು.

ಪೊಲೀಸರು ಹೊರಗೆ ಕೈ ತೋರಿಸಿ, ಮೂಲೆಗೆ ಕೈ ತೋರಿಸಿ ರೋಷದಿಂದ ಏನೇನೋ ಹೇಳಿದರು. ಎಲ್ಲವೂ ಗಾಳಿಯಾಗಿ ಹೊರಬಂತು.

"ಪಾಪ, ಮಾತೇ ತಿಳಿಯೋದಿಲ್ಲ, ಸೀಟಿ ಊದೋಕೂ ಆಗಲ್ಲ" ಎಂದು ಡಾಕ್ಟರಮ್ಮ ಮರುಗಿದರು. "ಹೋದ ತಿಂಗಳು ಯಾವನೋ ನಿಲ್ಲೋ ಹಾಗೆ ಎಡಕ್ಕೆ ಬಂದು ಬಲಕ್ಕೆ ಎಳೆದ್ನಂತೆ. ಹ್ಯಾಂಡಲ್ಲು ಬಾಯಿಗೇ ಬಡೀತು. ಅಂಥೋರಿಗೆ ಏನ್ ಮಾಡಿದ್ರೂ ಪಾಪ ಇಲ್ಲ, ಅಲ್ವೇನ್ರೀ?"

"ಇಲ್ಲ ಮೇಡಂ" ಎಂದ ರೂಲ್ಸಣ್ಣ ಮಾಸ್ಕಿನೊಳಗಿಂದ. ಆ ಮಾತು ಕೇಳಿ ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಅಂದು ಮೊದಲ ಸಲ ಸರಿಯಾದವನ ಮೇಲೆ, ಆ ವಿದ್ಯೆ ಹೇಳಿಕೊಟ್ಟ ಭಾವಮೈದುನನ ಮೇಲೆ.

ಡಾಕ್ಟರಮ್ಮ ಹಲ್ಲು ಕೂರಿಸಿದರು. ಒಂದು ಕಡೆ ಒತ್ತಿತು. ತೆಗೆದು ರೂಲ್ಸಣ್ಣನ ಕೈಗೆ ಕೊಟ್ಟರು. "ಇಲ್ಲಿ ಚೂರು ಉಜ್ಜಿ."

ಅವನು ಉಜ್ಜುವ ಅರ ಕೈಗೆತ್ತಿಕೊಂಡ. ಹೆಚ್ಚೇನಿಲ್ಲ, ಕೂದಲೆಳೆಯಷ್ಟು ಜಾಸ್ತಿ ಉಜ್ಜಿದರೆ ಸಾಕು, ಹಲ್ಲಿನ ಪಟ್ಟಿ ಸಡಿಲವಾಗಿ ಬೀಳುತ್ತದೆ. ಹೊಸದಾಗಿ ಮಾಡಲು ಮತ್ತೊಂದು ವಾರ ಬೇಕು. ಅಲ್ಲಿಯವರೆಗೆ ಈ ಬಾಯಿಂದ ಯಾವ ಕೇಸೂ ಹೊರಡುವುದಿಲ್ಲ. ಅಷ್ಟರಲ್ಲಿ ಸಿಟ್ಟಾದರೂ ಇಳಿದೀತು. ಅವನು ಅರವನ್ನು ಪಟ್ಟಿಯ ಮೇಲಿಟ್ಟ. ಆದರೆ ಅದು ತಾನೇ ಮಾಡಿದ ಹಲ್ಲು. ಅಂಥ ನಾಲ್ಕು ಹಲ್ಲನ್ನು ಅವನು ಹಿಂದೆಂದೂ ಮಾಡಿರಲಿಲ್ಲ. ಬೇಕಾದಷ್ಟೇ ಉಜ್ಜಿ, ಹೊಳಪು ಕೊಟ್ಟು, ತೊಳೆದು, ನೆಲ ನೋಡುತ್ತ ವಾಪಸ್ ಕೊಟ್ಟ.

ಈ ಸಲ ಹಲ್ಲು ಹುಟ್ಟಿನಿಂದಲೇ ಅಲ್ಲಿದ್ದ ಹಾಗೆ ಕೂತಿತು.

"ಏನಾದ್ರೂ ಮಾತಾಡಿ, ನೋಡೋಣ" ಎಂದರು ಡಾಕ್ಟರಮ್ಮ.

ಪೊಲೀಸರು ನಾಲಗೆಯಿಂದ ಹಲ್ಲನ್ನೊಮ್ಮೆ ಸವರಿ ಮೂಲೆಯ ಕಡೆ ತಿರುಗಿದರು.

"ನಿಲ್ಲಿಸಿ ಅಂತ ಸನ್ನೆ ಮಾಡಿದ್ರೂ ತಪ್ಪಿಸ್ಕೊಂಡು ಹೋದದ್ದು. ನಂಬರ್ ಪ್ಲೇಟಿಗೆ ಕೆಸರು ಸವರಿದ್ದು. ಹೆಲ್ಮೆಟ್ಟಿಲ್ಲದೆ ಒನ್‌ವೇನಲ್ಲಿ ಎದುರಿಗೆ ನುಗ್ಗಿ ಹಾಲಿನ ವ್ಯಾನಿಗೆ ತಾಗಿಸಿದ್ದು. ಮಾಸ್ಕ್ ತೆಗೀರಿ ಸ್ವಾಮಿ, ಎಲ್ಲ ಹೇಳಿದಾರೆ ವ್ಯಾನಿನವರು."

"ಆಹಾ, ಒಂದಕ್ಷರ ತಪ್ಪಲಿಲ್ಲ" ಎಂದು ಡಾಕ್ಟರಮ್ಮ ಮೆಚ್ಚಿ ನುಡಿದರು. ಆಮೇಲೆ ಹೇಳಿದ್ದೇನೆಂಬುದು ಅವರ ತಲೆಗೆ ಹೋಯಿತು.

"ಸಾರ್, ನನ್ನ ಪೇಪರೆಲ್ಲ ಸರಿ ಇದೆ" ಎಂದ ರೂಲ್ಸಣ್ಣ.

"ಕೇಳಿದ್ನಾ ನಾನು? ಹಿಂದೆ ಕೂತು ಬರೋಣ ಅಂತ ಕೈ ಮಾಡ್ದೆ. ತೆಗೀರಿ ಲೈಸೆನ್ಸು. ಆರು ತಿಂಗಳು ನಮ್ಮ ಹತ್ರ ಇರ್ಲಿ."

ಲೈಸೆನ್ಸು ಜೇಬಿನಿಂದ ಬಂತು. ಮಡಿಕೆ ಇಲ್ಲ, ಕಲೆ ಇಲ್ಲ. ಡಾಕ್ಟರಮ್ಮ ತಲೆ ಮೇಲೆ ಕೈ ಹೊತ್ತು, "ಅಯ್ಯೋ, ನಾಳೆಯಿಂದ ನನ್ನ ಹಲ್ಲು ಹೊತ್ತಿಗೆ ಸರಿಯಾಗಿ ಹೇಗ್ರೀ ತರ್ತೀರಿ?" ಎಂದರು.

ಪೊಲೀಸರು ಕನ್ನಡಿಯಲ್ಲಿ ತಮ್ಮ ನಾಲ್ಕು ಹಲ್ಲನ್ನು ಎಡದಿಂದ ಬಲಕ್ಕೆ ನೋಡಿಕೊಳ್ಳುತ್ತ, ಅವನ ಪರವಾಗಿ ತಾವೇ ಉತ್ತರ ಹೇಳಿದರು:

"ನಡ್ಕೊಂಡು ಬರ್ಲಿ ಮೇಡಂ. ನಡೆಯೋರನ್ನ ನಾವು ನಿಲ್ಲಿಸೋದಿಲ್ಲ."