ಬಲೂನು ಪರೀಕ್ಷೆಯಲ್ಲಿ ಪಾಸು

ಅಂದು ಬೆಳಿಗ್ಗೆ ಮೋಡ ದಟ್ಟವಾಗಿ ಕವಿದು, ಮಳೆ ಸುರಿಸಲಾಗದೆ ತಿಣುಕುತ್ತಿತ್ತು.

"ನೋಡಿ, ಆಕಾಶಕ್ಕೂ ನಮ್ಮನೆಯವರ ಕಾಯಿಲೆ ಅಂಟಿಕೊಂಡಿದೆ," ಎಂದು ಪಕ್ಕದ ಮನೆಯ ನಿವೃತ್ತ ಕಾಂಪೌಂಡರನಿಗೆ ಹೇಳುತ್ತ ಹೆಂಡತಿ ಕಕ್ಕಸಿನ ಬಾಗಿಲು ತಟ್ಟಿದಳು.

ಒಳಗಿದ್ದವನು ಬಸ್ ನಿಲ್ದಾಣದ ವಿಚಾರಣೆ ಕೌಂಟರಿನ ಗುಮಾಸ್ತ. ನಿಜ ಹೇಳಬೇಕೆಂದರೆ ಅವನಿಗೆ ಯಾವ ಕಾಯಿಲೆಯೂ ಇರಲಿಲ್ಲ. ಹೋದ ಕೆಲಸ ಹೋದ ಕೂಡಲೇ ಮುಗಿಯುತ್ತಿತ್ತು. ಆದರೆ ಕೌಂಟರಿನಲ್ಲಿ "ಬಸ್ ಎಷ್ಟೊತ್ತಿಗೆ?", ಮನೆಯಲ್ಲಿ "ಯಾಕೆ ತಡ?" ಎನ್ನುವ ಪ್ರಶ್ನೆಗಳ ನಡುವೆ ಚಿಲಕ ಹಾಕಿಕೊಂಡು ಕೂರಲು ಲೋಕದಲ್ಲಿ ಅವನಿಗಿದ್ದದ್ದು ಅದೊಂದೇ ಕೋಣೆ. ಗಂಟೆಗಟ್ಟಲೆ ಸುಮ್ಮನೆ ಕೂರುತ್ತಿದ್ದ. ದೇವರನ್ನು ನೆನೆಯುತ್ತಿದ್ದುದೂ ಅಲ್ಲೇ. ಜಾಗ ಸರಿಯಿಲ್ಲವೆಂದು ದೇವರು ಒಮ್ಮೆಯೂ ಮುನಿಸಿಕೊಂಡಿರಲಿಲ್ಲ. ಹೆಂಡತಿಯೂ, ಜೊತೆಯಲ್ಲೇ ಇದ್ದ ಅತ್ತೆಯೂ ಮಲಬದ್ಧತೆ ಎಂದರು. ಅವನು ಅಲ್ಲ ಎನ್ನಲಿಲ್ಲ.

"ಮಾತ್ರೆಗೆ ಬಗ್ಗಲ್ಲ ಅಂದ್ಮೇಲೆ ಪರೀಕ್ಷೆನೇ ಆಗ್ಬೇಕು," ಎಂದ ಕಾಂಪೌಂಡರ್. "ಡಾಕ್ಟರಮ್ಮ ನನಗೆ ಗೊತ್ತು. ಇವತ್ತೇ ನಡೀರಿ!"

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಹೆಂಡತಿ ಉತ್ತರ ಕೊಟ್ಟಳು. ಅವಳು ಬಿಟ್ಟದ್ದನ್ನು ಕಾಂಪೌಂಡರ್ ತುಂಬಿದ. ಗುಮಾಸ್ತ ನಾಲಿಗೆ ತೋರಿಸಲಷ್ಟೇ ಬಾಯಿ ತೆರೆದ. ರಕ್ತ ನೋಡಿದರು, ಎಕ್ಸ್‌ರೇ ತೆಗೆದರು. ದೋಷ ಸಿಗಲಿಲ್ಲ.

"ಇನ್ನೊಂದು ಪರೀಕ್ಷೆ ಉಳಿದಿದೆ," ಎಂದರು ಡಾಕ್ಟರಮ್ಮ. "ಪುಟ್ಟ ಬಲೂನನ್ನ ಹಿಂದಿನಿಂದ ಒಳಗಿಟ್ಟು ನೀರು ತುಂಬ್ತೀವಿ. ಪರದೆ ಹಿಂದೆ ಕೂತು ಹೊರಗೆ ಹಾಕಿ. ನಿಮಿಷದೊಳಗೆ ಬಂದ್ರೆ ಎಲ್ಲ ಸರಿಯಿದೆ ಅಂತ. ಬರದಿದ್ರೆ ಸ್ನಾಯುಗಳ ತೊಂದರೆ."

ಗುಮಾಸ್ತ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬಲೂನು ಒಳಗೇ ನಿಂತರೆ ಕಾಯಿಲೆಯ ನೆಪದಲ್ಲಿ ತನ್ನ ಏಕಾಂತ ಉಳಿಯುತ್ತದೆ. ಬಿದ್ದರೆ ಅದೂ ಹೋಯಿತು. 'ಭಗವಂತಾ, ತಡೆಯುವ ಶಕ್ತಿ ಕೊಡು' ಎಂದು ಬೇಡಿದ. ಆ ಪರೀಕ್ಷೆಯ ಕೋಣೆಯಲ್ಲಿ ಇಂಥ ವರ ಕೇಳಿದವನು ಅವನೊಬ್ಬನೇ ಇರಬೇಕು.

ಮಗ್ಗುಲಾಗಿ ಮಲಗಿಸಿ ಬಲೂನು ಇಡುತ್ತಿದ್ದ ನರ್ಸ್ ಬಗ್ಗಿ ಅವನ ಮುಖ ನೋಡಿದಳು. "ನೀವು ಕೌಂಟರ್‌ನೋರಲ್ವಾ ಸಾರ್? ನಮ್ಮೂರ ಕೊನೇ ಬಸ್ಸು ಈಗ್ಲೂ ಒಂಬತ್ತಕ್ಕೇನಾ?"

"ಒಂಬತ್ತೂವರೆ," ಎಂದ ಅವನು ಗೋಡೆಯ ಕಡೆ ಮುಖ ಮಾಡಿಕೊಂಡೇ.

ಪರದೆ ಎಳೆದರು. ಬಾಗಿಲು ಮುಚ್ಚಿತು. ಅವನು ಉಸಿರು ಬಿಗಿಹಿಡಿದು ಕೂತ. ಯಾರೂ ತಟ್ಟಲಿಲ್ಲ. ಯಾರೂ ಏನೂ ಕೇಳಲಿಲ್ಲ. ಮೇಲೆ ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ತಟ್ಟುವವರೇ ಇಲ್ಲದ ಇಂಥ ಮೌನ ಅವನಿಗೆ ಮನೆಯಲ್ಲೂ ಸಿಕ್ಕಿರಲಿಲ್ಲ. ಭುಜ ಸಡಿಲವಾಯಿತು, ಮನಸ್ಸು ಸಡಿಲವಾಯಿತು, ಆಮೇಲೆ...

ಪುಳಕ್!

"ಇಪ್ಪತ್ತೇ ಸೆಕೆಂಡು! ಭೇಷ್ ಸಾರ್!" ಎಂದು ನರ್ಸ್ ಕೂಗಿದಳು. ಪಾಸಾಗಿ ಅಷ್ಟೊಂದು ಸಪ್ಪಗಾದ ಮನುಷ್ಯನನ್ನು ಅವಳು ನೋಡಿರಲಿಲ್ಲ.

"ನಿಮಗೇನೂ ಆಗಿಲ್ಲ. ಇನ್ಮೇಲೆ ಐದು ನಿಮಿಷ ಕೂತು ಎದ್ದು ಬನ್ನಿ," ಎಂದರು ಡಾಕ್ಟರಮ್ಮ. ಗಂಡ ಹೆಂಡತಿ ಮನೆ ಮುಟ್ಟುವ ಮೊದಲೇ ಸುದ್ದಿ, ಮುಂದಾಗಿ ಹೋದ ಕಾಂಪೌಂಡರನ ಬಾಯಿಂದ ಬೀದಿಯೆಲ್ಲ ಹಬ್ಬಿತ್ತು.

ಸಂಜೆ ಹೊಟ್ಟೆ ನಿಜವಾಗಿಯೇ ಅವಸರ ಮಾಡಿತು. ಗುಮಾಸ್ತ ಓಡಿದ. ಕಕ್ಕಸಿನ ಬಾಗಿಲ ಬಳಿ ಅತ್ತೆ ನಿಂತಿದ್ದರು, ನೋಯುವ ಮಂಡಿಯನ್ನು ಮಡಚಿ, ಗೋಡೆಗೆ ಒರಗಿ. ಅಳಿಯನನ್ನು ಕಂಡು ಅಭ್ಯಾಸಬಲದಿಂದ ಪಕ್ಕಕ್ಕೆ ಸರಿದರು. "ನೀವು ಹೋಗಿಬನ್ನಿ ಅಳಿಯಂದಿರೇ. ನಾನು ಕಾಯ್ತೀನಿ, ನನಗೇನು."

ಇಷ್ಟು ವರ್ಷ ಅವನು ಅವರ ಬಡಿತವನ್ನಷ್ಟೇ ಕೇಳಿದ್ದ. ಕಾಯುವ ಮುಖ ಒಳಗಿನಿಂದ ಕಂಡಿರಲಿಲ್ಲ.

"ಇಲ್ಲ ಅತ್ತೆ. ಮೊದಲು ನೀವು."

ಚಿಲಕ ಬಿತ್ತು. ಅರ್ಧ ಗಂಟೆಯಾದರೂ ತೆಗೆಯಲಿಲ್ಲ.

"ಅಯ್ಯೋ, ಅಮ್ಮಂಗೂ ಶುರುವಾಯ್ತಲ್ರೀ!" ಎಂದು ಹೆಂಡತಿ ಓಡಿಬಂದಳು.

"ನಾಳೆನೇ ಬಲೂನು ಇಡಿಸೋಣ!" ಗೋಡೆಯಾಚೆಯಿಂದ ಕಾಂಪೌಂಡರನ ದನಿ.

ಒಳಗಿನಿಂದ ನೆಮ್ಮದಿಯ ಸಣ್ಣ ಗುನುಗು ಕೇಳಿಬಂತು. ಹೆಂಡತಿ ಕೈಯೆತ್ತಿದಳು. ಗುಮಾಸ್ತ ಅದನ್ನು ಮೆಲ್ಲಗೆ ಹಿಡಿದುಕೊಂಡ. ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು.

"ತಟ್ಟಬೇಡ ಕಣೇ. ಇರಲಿ ಬಿಡು," ಎಂದು ಕಾಲಿಗೆ ಕಾಲು ಹೆಣೆದು ಗೋಡೆಗೆ ಒರಗಿ ನಿಂತ.